ಸರಾಗತೆಗೆ ಎರಡು ಅಂಕ

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ಪತ್ರಿಕೆಗಳ ಕಪಾಟುಗಳನ್ನು ದಾಟಿ ಹೋದರೆ ಕಿಟಕಿಯಿಲ್ಲದ ಒಂದು ಕೋಣೆ ಸಿಗುತ್ತದೆ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜಿನ ಹಲಗೆ ಹೊಡೆದಿದ್ದಾರೆ. ಬಾಗಿಲು ಹಾಕಿದರೆ ಹೊರಗೆ ಗುಡುಗಿದರೂ ಒಳಗೆ ಕೇಳಿಸದು. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ನಡುವೆ ಒಂದು ರೆಕಾರ್ಡರ್. ಬೇರೆ ಬೇರೆ ದೇಶಗಳಿಂದ ಎಂ.ಎಸ್ಸಿ.ಗೋ ಪಿಎಚ್.ಡಿ.ಗೋ ಬಂದವರೆಲ್ಲ ಈ ಕೋಣೆಯನ್ನು ಹಾದುಹೋಗಲೇಬೇಕು. ಹನ್ನೆರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಪಾಸಾದವರಿಗೆ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುವ ಕೆಲಸ, ಆ ಕೆಲಸವಿದ್ದರೆ ಓದಿನ ಶುಲ್ಕ ಮಾಫಿ. ಮೂರು ಸಲ ಫೇಲಾದರೆ ಕೆಲಸವೂ ಇಲ್ಲ, ಮಾಫಿಯೂ ಇಲ್ಲ. ಗಂಟುಮೂಟೆ ಕಟ್ಟುವುದೊಂದೇ ದಾರಿ.

ಗೋಡೆ ಕಡೆಯ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ಒಬ್ಬಳೇ. ಕಚೇರಿಯವರು ಬೆನ್ನ ಹಿಂದೆ ಅವಳಿಗೆ ಇಟ್ಟ ಹೆಸರು ತಕ್ಕಡಿ ಮೇಡಂ. ಮಾತನ್ನು ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಆಗದಂತೆ ತೂಗುತ್ತಾಳೆಂದು. ಹೆಸರು ಕಿವಿಗೆ ಬಿದ್ದಾಗ ಅವಳಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು.

ಅವಳಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಇಂಗ್ಲಿಷಿನ ಗಾಳಿಯೇ ಇರಲಿಲ್ಲ. ಇದ್ದದ್ದು ಬಿಡಿಭಾಗಗಳ ಡಬ್ಬಿಗಳ ಮೇಲೆ ಅಚ್ಚಾಗಿರುತ್ತಿದ್ದ ನಾಲ್ಕು ಪದಗಳು ಮಾತ್ರ. ಅಮ್ಮ ತೀರಿಕೊಂಡಾಗ ಅಕ್ಕ ಶಾಲೆ ಬಿಟ್ಟು ಒಲೆಯ ಮುಂದೆ ನಿಂತಳು, ತಂಗಿ ಓದಿದಳು. ಮುಂದೆ ಅಕ್ಕ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಗೆ ಸೇರಿ ಅಲ್ಲಿಯೇ ಮುಖ್ಯಸ್ಥೆಯಾದಳು. ತಂಗಿಗೆ ಮದುವೆ ಎಂಬುದೊಂದು ಬಂದು, ನಾಲ್ಕು ವರ್ಷ ಇದ್ದು, ಹೋಯಿತು. ಆಮೇಲಿಂದ ಅಕ್ಕತಂಗಿಯರಿಬ್ಬರೂ ಒಂದೇ ಮನೆಯಲ್ಲಿ, ಮೂರನೇ ಮಹಡಿಯಲ್ಲಿ. ಅಕ್ಕ ಬಾಯಿ ಜೋರು, ತಂಗಿ ಕಿವಿ ಜೋರು.

ಆರು ವಾರದ ಮಟ್ಟಿಗೆಂದು ಸೇರಿಕೊಂಡ ಕೆಲಸ ಅದು. ವರ್ಷಾವರ್ಷ ಒಂದೇ ಪತ್ರ, ತಾರೀಕು ಮಾತ್ರ ಬೇರೆ. ಮುಂದಿನ ವರ್ಷ ಕಾಯಂ ಮಾಡುತ್ತೇವೆ ಎಂದ ನಿರ್ದೇಶಕರು ಮೂವರು ನಿವೃತ್ತರಾದರು. ಆದರೂ ಅವಳು ಕೆಲಸದಲ್ಲಿ ಕೂದಲೆಳೆಯಷ್ಟು ಸಡಿಲ ಬಿಟ್ಟವಳಲ್ಲ. ಎದುರು ಕೂತವರು ಪದಕ್ಕಾಗಿ ತಡಕಾಡಿದರೆ ಪದ ಎತ್ತಿಕೊಡಬಾರದು, ತಲೆಯಾಡಿಸಬಾರದು, ಮುಗುಳ್ನಗಲೂ ಬಾರದು ಎಂಬುದು ನಿಯಮ. ಅವಳ ಮುಖ ಆ ಹನ್ನೆರಡು ನಿಮಿಷ ಒರೆಸಿಟ್ಟ ಸ್ಲೇಟಿನಂತೆ ಇರುತ್ತಿತ್ತು. ಒಮ್ಮೆ ಮೇಲಿನ ಪ್ರಾಧ್ಯಾಪಕರೊಬ್ಬರು ತಮ್ಮ ಕಡೆಯ ಹುಡುಗನಿಗಾಗಿ ಫೋನು ಮಾಡಿ, "ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದರು. ನೋಡಿಕೊಂಡಳು. ಇಪ್ಪತ್ತಕ್ಕೆ ಒಂಬತ್ತು ಕೊಟ್ಟು ಕಳಿಸಿದಳು.

ಅಂಕಗಳ ಲೆಕ್ಕ ಸರಳ. ಉಚ್ಚಾರಣೆ, ವ್ಯಾಕರಣ, ಸರಾಗತೆ, ಗ್ರಹಿಕೆ ಎಂದು ನಾಲ್ಕು ಭಾಗ, ಒಂದೊಂದಕ್ಕೆ ಐದು. ಎದುರು ಕೂತು ಕೇಳಿದವಳು ಒಂದು ಸಲ ಹಾಕುತ್ತಾಳೆ. ಇನ್ನೊಬ್ಬರು ಬೇರೆ ಕೋಣೆಯಲ್ಲಿ ಧ್ವನಿಮುದ್ರಣ ಕೇಳಿ ಹಾಕುತ್ತಾರೆ. ಸರಾಸರಿ ಹದಿನಾಲ್ಕಾದರೆ ಪಾಸು. ಇಬ್ಬರ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬಂದರೆ ನಿರ್ದೇಶಕರೇ ಕೇಳಿ ತೀರ್ಮಾನಿಸುತ್ತಾರೆ. ಆ ಇನ್ನೊಬ್ಬರು ಪೆಪ್ಪರ್‌ಮಿಂಟ್ ಮೇಷ್ಟ್ರು. ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು ಇಟ್ಟುಕೊಂಡಿರುವ, ಯಾರ ತಂಟೆಗೂ ಹೋಗದ ಮನುಷ್ಯ. ಹನ್ನೊಂದು ವರ್ಷದಲ್ಲಿ ಅವರಿಬ್ಬರ ಅಂಕಗಳ ನಡುವೆ ಒಂದೆರಡರ ಮೇಲೆ ವ್ಯತ್ಯಾಸ ಬಂದದ್ದೇ ಇಲ್ಲ.

ಗಣಿತದವನು ಅವಳೆದುರು ಮೊದಲ ಸಲ ಕೂತದ್ದು ವರ್ಷದ ಆರಂಭದ ಒಂದು ಬೆಳಿಗ್ಗೆ. ಮೂವತ್ತಾರು ದಾಟಿದವನು, ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು. ತನ್ನ ದೇಶದಲ್ಲಿ ಎಂಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ಈಗ ಡಾಕ್ಟರೇಟಿಗೆ ಬಂದಿದ್ದ. ಬರವಣಿಗೆಯ ಪರೀಕ್ಷೆಯಲ್ಲಿ ಆ ವರ್ಷ ಎಲ್ಲರಿಗಿಂತ ಮೇಲೆ ಅವನೇ. ಅವನ ಪ್ರಬಂಧವನ್ನು ಪೆಪ್ಪರ್‌ಮಿಂಟ್ ಮೇಷ್ಟ್ರು ಎರಡು ಸಲ ಓದಿದ್ದರು.

"ನಿಮ್ಮ ವಿಷಯದ ಒಂದು ಮಾತನ್ನ, ಅದೇನೂ ಗೊತ್ತಿಲ್ಲದವರಿಗೆ ವಿವರಿಸಿ," ಎಂದಳು. ಎಲ್ಲರಿಗೂ ಕೇಳುವ ಪ್ರಶ್ನೆ.

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ತುಟಿ ಹಾಗೆಯೇ ತೆರೆದಿತ್ತು, ಕಣ್ಣು ಮೇಜಿನ ಅಂಚಿನ ಮೇಲೆ. ಅವಳು ರೆಕಾರ್ಡರಿನ ಅಂಕಿ ನೋಡಿದಳು. ಆರು ಸೆಕೆಂಡು. ಆಮೇಲೆ ಮಾತು ದಡಬಡಿಸಿ ಬಂತು, ಒಳ್ಳೆಯ ಮಾತೇ ಬಂತು, ಮತ್ತೆ ನಿಂತಿತು. ಹನ್ನೆರಡು ನಿಮಿಷದಲ್ಲಿ ಹೀಗೆ ಮೂವತ್ತೊಂದು ಸಲ. ಪದ ಹುಡುಕುವವರು ಹೀಗೆಯೇ ನಿಲ್ಲುತ್ತಾರೆ. ಒಳಗೆ ತಮ್ಮ ಭಾಷೆಯಲ್ಲಿ ವಾಕ್ಯ ಕಟ್ಟಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಆಮೇಲೆ ಬಾಯಿ ಬಿಡುವವರು. ಇಪ್ಪತ್ತೆರಡು ವರ್ಷ ಅಂಥವರನ್ನು ಕಂಡವಳು ಅವಳು. ಸರಾಗತೆಗೆ ಎರಡು ಎಂದು ಬರೆದಳು. ಒಟ್ಟು ಹನ್ನೆರಡು. ಪೆಪ್ಪರ್‌ಮಿಂಟ್ ಮೇಷ್ಟ್ರು ಹದಿಮೂರು.

ಫೇಲಾದವರಿಗೆ ಒಂದು ತರಗತಿ ನಡೆಸುತ್ತಾರೆ. ಅದೂ ಅವಳದ್ದೇ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ, ಮಾತಾಡಿಸಿದರೆ ಮಾತ್ರ ಬೆವರುತ್ತಿದ್ದ. ಅವಳು ಹೇಳಿದಳು: "ಇಂಗ್ಲಿಷಿನಲ್ಲೇ ಯೋಚನೆ ಮಾಡೋ ಅಭ್ಯಾಸ ಮಾಡ್ಕೊಳ್ಳಿ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ."

ಅವನು ಅವಳ ಮುಖವನ್ನು ಒಂದು ಕ್ಷಣ ನೋಡಿ, "ಆಗಲಿ ಮೇಡಂ," ಎಂದ. ಆ "ಆಗಲಿ" ಹೊರಗೆ ಬರಲು ನಾಲ್ಕು ಸೆಕೆಂಡು ಹಿಡಿಯಿತು.

ಆರು ತಿಂಗಳ ನಂತರ ಎರಡನೇ ಸಲ. ಮೊದಲಿಗಿಂತ ಹಾಳು. ಅವಳು ಹನ್ನೊಂದು, ಮೇಷ್ಟ್ರು ಹನ್ನೊಂದು.

ಮೂರನೇ ಸಲಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ಅವಳ ಕೈಚೀಲದ ಜಿಪ್ಪು ಕೆಟ್ಟಿತು. ಹೊಸದು ಕೊಳ್ಳುವ ಜಾಯಮಾನ ಅವಳದ್ದಲ್ಲ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ, ಬಟ್ಟೆ ರಿಪೇರಿಯ ಒಂದು ಸಣ್ಣ ಅಂಗಡಿಯಿತ್ತು. ಹೊಲಿಗೆ ಮೆಷಿನ್ನಿನ ಹಿಂದೆ ಹೊಸಬಳೊಬ್ಬಳು ಕೂತಿದ್ದಳು. ಬೇರೆ ದೇಶದವಳೆಂದು ಮಾತಿನಲ್ಲೇ ತಿಳಿಯಿತು.

"ಹತ್ತು ನಿಮಿಷ ಕೂತ್ಕೊಳ್ಳಿ ಅಮ್ಮ, ಈಗಲೇ ಹಾಕ್ಕೊಡ್ತೀನಿ."

ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಎರಡೂ ಕೈ ಚೀಲದಲ್ಲಿದ್ದುದರಿಂದ ಹೊಲಿಯುವವಳು ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು. ಗಂಡಸಿನ ದನಿ ಬಂತು, ಅವರ ಭಾಷೆಯಲ್ಲಿ. ಒಂದಕ್ಷರವೂ ಅರ್ಥವಾಗದ ಭಾಷೆ. ಆದರೆ ಆ ದನಿ ತಕ್ಕಡಿ ಮೇಡಂಗೆ ಗೊತ್ತಿತ್ತು, ಗಣಿತದವನದು. ಅದನ್ನು ಎರಡು ಸಲ ಎದುರು ಕೂತು ಕೇಳಿದವಳು. ದನಿ ಎರಡು ಪದ ಆಡಿತು, ನಿಂತಿತು. ಉಸಿರು ಗಂಟಲಲ್ಲಿ ಸಿಕ್ಕಿಕೊಂಡ ಸಣ್ಣ ಸದ್ದು. ಅಭ್ಯಾಸಬಲ, ಅವಳು ಎಣಿಸಿದಳು. ಐದು, ಆರು, ಏಳು. ಹೆಂಡತಿ ಮೆಷಿನ್ನು ತುಳಿಯುತ್ತಲೇ ಇದ್ದಳು. ಆತುರವಿಲ್ಲ, ಗಾಬರಿಯಿಲ್ಲ, ಬಸ್ಸು ಬಂದಾಗ ಬರುತ್ತದೆ ಎಂದು ನಿಂತವರ ಹಾಗೆ. ಮಾತು ದಡಬಡಿಸಿ ಬಂತು. ಹೆಂಡತಿ ನಕ್ಕು ಏನೋ ಹೇಳಿ ಫೋನು ಇಟ್ಟಳು.

ಬೆಂಚಿನ ಮೇಲೆ ಕೂತವಳು ಮುಂದಕ್ಕೆ ಬಾಗಿದಳು.

"ನಿಮ್ಮ ಯಜಮಾನರು... ಮಾತು ಹೀಗೆ ನಿಲ್ಲೋದು ಯಾವಾಗಿನಿಂದ?"

"ಚಿಕ್ಕಂದಿನಿಂದ. ಅವರಪ್ಪನಿಗೂ ಹಾಗೇ ಇತ್ತಂತೆ." ಅವಳು ದಾರ ಕಚ್ಚಿ ತುಂಡು ಮಾಡಿದಳು. "ಈಗ ಪರೀಕ್ಷೆ ಬಂದಮೇಲೆ ಜಾಸ್ತಿಯಾಗಿದೆ. ಅಲ್ಲೊಬ್ಬರು ಮೇಡಂ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂದ್ರಂತೆ. ಆಡ್ತಾ ಇದ್ವಿ. ಮಗಳಿಗೆ ಅಳು ಬರೋಕೆ ಶುರುವಾಯ್ತು, ಬಿಟ್ಟುಬಿಟ್ವಿ."

ತಾನೇ ಆ ಮೇಡಂ ಎಂದು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಜಿಪ್ಪಿನ ದುಡ್ಡು ಕೊಟ್ಟು ಎದ್ದುಬಂದಳು.

ಅಂದು ಸಂಜೆ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಅಕ್ಕ ಆಸ್ಪತ್ರೆಯಿಂದ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು.

"ಅಂದ್ರೆ ಅವನಿಗೆ ಇಂಗ್ಲಿಷ್ ಬರುತ್ತೆ."

"ನನಗಿಂತ ಚೆನ್ನಾಗಿ ಬರುತ್ತೆ ಅಕ್ಕ. ಅವನದು ಉಗ್ಗು. ನಾನು ಉಗ್ಗಿಗೆ ಅಂಕ ಕಳೆದೆ. ಎರಡು ಸಲ."

"ಇಷ್ಟು ವರ್ಷ ಕಿವೀನೇ ಬಂಡವಾಳ ಮಾಡ್ಕೊಂಡು ಕೂತೋಳು ನೀನು, ಉಗ್ಗು ಯಾವುದು ತಡವರಿಕೆ ಯಾವುದು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದು ಅಕ್ಕ ಕಾಲು ಒರೆಸಿಕೊಂಡಳು. ಆಮೇಲೆ ತಂಗಿಯ ಮುಖ ನೋಡಿ ದನಿ ಇಳಿಸಿದಳು. "ಇನ್ನೊಂದು ಸಲ ಇದೆ ಅಲ್ವಾ? ಹೋಗು, ದೊಡ್ಡವರ ಹತ್ರ ಮಾತಾಡು."

ನಿರ್ದೇಶಕರು ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದವರು. ಅವಳು ಹೇಳಿದ್ದನ್ನೆಲ್ಲ ಕೇಳಿ ನಿಯಮಗಳ ಕಡತ ತೆಗೆದರು.

"ವಿನಾಯಿತಿ ಇದೆ ಮೇಡಂ. ಮಾತಿನ ವೈದ್ಯರ ಸರ್ಟಿಫಿಕೇಟು ಬೇಕು. ಪರೀಕ್ಷೆಗೆ ಮೂವತ್ತು ದಿನ ಮುಂಚೆ ಕೊಡಬೇಕು."

"ಪರೀಕ್ಷೆಗೆ ಇನ್ನು ಇಪ್ಪತ್ತಾರು ದಿನ ಇದೆ ಸರ್."

"ಅದೇ ಹೇಳ್ತಿರೋದು." ಕನ್ನಡಕ ತೆಗೆದರು. "ಅವರೇ ಬಂದು ಅರ್ಜಿ ಬರೆದುಕೊಟ್ರೆ ನಾನು ಮೇಲೆ ಕೇಳಿ ನೋಡ್ತೀನಿ. ನೀವು ಕೊಟ್ರೆ ಆಗಲ್ಲ. ಪರೀಕ್ಷಕರು ಅಭ್ಯರ್ಥಿ ಪರ ಓಡಾಡಿದ್ರು ಅಂತ ಆದ್ರೆ ಇಬ್ಬರಿಗೂ ಕಷ್ಟ."

ತರಗತಿ ಮುಗಿದ ಮೇಲೆ ಅವಳು ಗಣಿತದವನನ್ನು ನಿಲ್ಲಿಸಿಕೊಂಡಳು. ಅಂಗಡಿಯ ಸಂಗತಿ, ವಿನಾಯಿತಿಯ ಸಂಗತಿ ಎರಡನ್ನೂ ಹೇಳಿದಳು. ಅವನ ಮುಖ ಕೆಂಪಾಯಿತು. ಮಾತಿಗಾಗಿ ಅವನು ತುಂಬ ಹೊತ್ತು ನಿಂತ. ಈ ಸಲ ಅವಳು ಎಣಿಸಲಿಲ್ಲ.

"ಬೇಡ ಮೇಡಂ. ಎಂಟು ವರ್ಷ ಪಾಠ ಹೇಳಿದ್ದೀನಿ. ಒಬ್ಬ ಹುಡುಗನೂ ನನ್ನ ಉಗ್ಗ ಅಂದಿಲ್ಲ. ಬೋರ್ಡಿನ ಕಡೆ ತಿರುಗಿ ಬರೀತಾ ಹೇಳಿದ್ರೆ ಮಾತು ನಿಲ್ಲೋದಿಲ್ಲ. ಅದೊಂದು ಉಪಾಯ ಕಲ್ತಿದ್ದೀನಿ. ಈಗ ನಾನೇ ಕಾಗದದ ಮೇಲೆ ಉಗ್ಗ ಅಂತ ಬರೆದುಕೊಟ್ರೆ, ಯಾವ ವಿಭಾಗ ನನ್ನ ತರಗತಿಗೆ ಬಿಡುತ್ತೆ?"

"ಬಿಡಲೇಬೇಕು, ಕಾನೂನಿದೆ."

"ಕಾನೂನು ಇರುತ್ತೆ. ಆಮೇಲೆ ಅವರು ಬೇರೆ ಏನೋ ಕಾರಣ ಹೇಳ್ತಾರೆ." ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. "ನಮ್ಮಪ್ಪ ಜೀವನಪೂರ್ತಿ ಗೋದಾಮಿನಲ್ಲಿ ಮೂಟೆ ಹೊತ್ರು. ಅಂಗಡಿಯಲ್ಲಿ ಗಿರಾಕಿ ಮುಂದೆ ನಿಲ್ಲಿಸಿ ಅಂತ ಒಂದೇ ಒಂದು ಸಲ ಕೇಳಿದ್ರಂತೆ, ಬಾಯಿ ಬಿಟ್ಟು. ಆಮೇಲೆ ಮೂಟೆ ಹೊರೋ ಕೆಲಸವೂ ಹೋಗೋದ್ರಲ್ಲಿತ್ತು."

ಮತ್ತೆರಡು ಸಲ ಕೇಳಿದಳು. ಅವನು ಒಪ್ಪಲಿಲ್ಲ.

ಹಾಗಾಗಿ ಅವಳು ಇಪ್ಪತ್ತೆರಡು ವರ್ಷದಲ್ಲಿ ಮಾಡದ್ದನ್ನು ಮಾಡಿದಳು. ಮೂರನೇ ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಬಂದು, ತರಗತಿಯಿಂದ ಕಾಲಿರುವ ಸಣ್ಣ ಬಿಳಿ ಬೋರ್ಡೊಂದನ್ನು ಆ ಕೋಣೆಗೆ ತಳ್ಳಿಕೊಂಡು ಹೋದಳು. ಅವನು ಒಳಗೆ ಬಂದವನು ಬೋರ್ಡು ನೋಡಿದ, ಅವಳನ್ನು ನೋಡಿದ. ಅವಳು ಏನೂ ಹೇಳದೆ ಪೆನ್ನು ಮುಂದಿಟ್ಟಳು.

ಅವನು ಬೆನ್ನು ತಿರುಗಿಸಿ ನಿಂತು ಒಂದು ಗೆರೆ ಎಳೆದ. ಮಾತು ಶುರುವಾಯಿತು. ಒಂದು ದಾರಿಯನ್ನು ಅರ್ಧ ಮಾಡಿ, ಉಳಿದದ್ದನ್ನು ಮತ್ತೆ ಅರ್ಧ ಮಾಡಿ, ಹಾಗೆ ಮಾಡುತ್ತಲೇ ಹೋದರೆ ಯಾವತ್ತೂ ಮುಗಿಯದು ಅನ್ನಿಸುವ ದಾರಿ ಹೇಗೆ ಮುಗಿದೇ ಮುಗಿಯುತ್ತದೆ ಎಂದು ಅವನು ವಿವರಿಸಿದ. ಗಣಿತವೆಂದರೆ ಗಾವುದ ದೂರ ಓಡುತ್ತಿದ್ದ ಅವಳಿಗೂ ಅರ್ಥವಾಯಿತು. ನಾಲ್ಕು ನಿಮಿಷ ಒಂದೂ ತಡೆಯಿಲ್ಲ. ಅವಳಿಗೆ ಎದೆ ಹಗುರವಾಗಿ, ಇನ್ನೇನು ದಡ ಸೇರಿದೆವು ಅನ್ನಿಸಿತು.

ಮೊದಲೆರಡು ಪ್ರಶ್ನೆ ಬೋರ್ಡಿನ ಮುಂದೆಯೇ ಮುಗಿದವು. ಮೂರನೆಯದು ಬೋರ್ಡಿನದಲ್ಲ. ಅದನ್ನು ಬಿಡುವಂತೆಯೂ ಇರಲಿಲ್ಲ. ಅಂಕ ಕಡಿಮೆ ಬಂತೆಂದು ಸಿಟ್ಟಾಗಿ ಬಂದ ವಿದ್ಯಾರ್ಥಿಯಾಗಿ ಅವಳು ಮಾತಾಡಬೇಕು, ಅವನು ಅವಳ ಮುಖ ನೋಡಿ ಸಮಾಧಾನ ಹೇಳಬೇಕು. ಅವಳು ತನ್ನ ಪಾಲಿನ ಸಾಲುಗಳನ್ನು ಆದಷ್ಟು ಮೆತ್ತಗೆ ಓದಿದಳು. ಅವನು ಕೂತ. ಬಾಯಿ ತೆರೆದ. ಹತ್ತು ಸೆಕೆಂಡು ಆಯಿತು, ಹದಿನೈದಾಯಿತು. ಅವಳು ಜೀವಮಾನದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ತಲೆಯಾಡಿಸಿದಳು. ಅದು ಇನ್ನೂ ಕೆಟ್ಟದಾಯಿತು. ಅವಳ ಕಣ್ಣಿನಲ್ಲಿ ಮರುಕ ಕಂಡದ್ದೇ ತಡ ಅವನ ಕತ್ತಿನ ನರ ಉಬ್ಬಿ, ಮಾತು ಪೂರಾ ಕಟ್ಟಿಹೋಯಿತು. ಉಳಿದ ಎಂಟು ನಿಮಿಷದಲ್ಲಿ ಅವನು ಆಡಿದ್ದು ಹದಿನೇಳು ಪದ.

ಅವನು ಹೋದ ಮೇಲೆ ಅಂಕಪಟ್ಟಿ ಮುಂದೆಳೆದುಕೊಂಡಳು. ಆಮೇಲೆ ಸರಾಗತೆಗೆ ನಾಲ್ಕು ಹಾಕಿದಳು. ಒಟ್ಟು ಹದಿನೇಳು. ಮೇಷ್ಟ್ರು ಯಾವಾಗಿನಂತೆ ಅತ್ತಿತ್ತ ಒಂದೆರಡು ಹಾಕಿದರೂ ಸಾಕು, ಪಾರಾದ ಎಂದುಕೊಂಡಳು.

ಮೇಷ್ಟ್ರು ಹಾಕಿದ್ದು ಹನ್ನೊಂದು.

ಅಂತರ ಆರು. ನಿರ್ದೇಶಕರು ಮುದ್ರಣ ತರಿಸಿಕೊಂಡು ಕೇಳಿದರು. ಬೋರ್ಡಿನ ಮೇಲೆ ಪೆನ್ನು ಕಿರುಗುಟ್ಟುವ ಸದ್ದು ಅದರಲ್ಲಿ ಸ್ಪಷ್ಟವಾಗಿ ದಾಖಲಾಗಿತ್ತು. ಪರೀಕ್ಷಾ ಕೋಣೆಯಲ್ಲಿ ಇರಕೂಡದ ವಸ್ತು. ಆ ನಾಲ್ಕು ನಿಮಿಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು ಎಂದು ಬರೆದರು. ಉಳಿದ ಎಂಟು ನಿಮಿಷಕ್ಕೆ ಒಂಬತ್ತು ಅಂಕ ಕೊಟ್ಟರು. ಬೋರ್ಡು ಇಡದಿದ್ದರೆ ಇದಕ್ಕಿಂತ ಹೆಚ್ಚು ಬರುತ್ತಿತ್ತೋ ಏನೋ. ಅದನ್ನು ಈಗ ಯಾರೂ ಹೇಳಲಾರರು.

ಪೆಪ್ಪರ್‌ಮಿಂಟ್ ಮೇಷ್ಟ್ರು ಅವಳ ಮೇಜಿನ ಬಳಿ ಬಂದು ನಿಂತರು. ಬಾಯಲ್ಲಿ ಪೆಪ್ಪರ್‌ಮಿಂಟು ಇರಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ ಮೇಡಂ? ನೀವು ಹತ್ತರ ಮೇಲೆ ಕೊಡಲ್ಲ ಅಂದ್ಕೊಂಡೆ. ಹತ್ತಿರದಲ್ಲಿರಲಿ ಅಂತ ನಾನು ಹನ್ನೊಂದು ಹಾಕ್ದೆ."

"ಅಂದ್ರೆ ನೀವು ಕೇಳಿ ಹಾಕೋದಿಲ್ವಾ?"

"ಕೇಳ್ತೀನಿ. ಆದ್ರೆ ನಿಮ್ಮ ಕಿವಿ ಮುಂದೆ ನನ್ನದೇನು ಅಂತ..." ಮೇಷ್ಟ್ರು ನೆಲ ನೋಡಿದರು. "ಹನ್ನೊಂದು ವರ್ಷದಿಂದ ನೀವೇನು ಹಾಕಿರಬಹುದು ಅಂತ ಊಹಿಸಿ ಹಾಕ್ತಾ ಬಂದಿದ್ದೀನಿ."

ಅವಳು ಇಷ್ಟು ವರ್ಷ ಎರಡು ತಕ್ಕಡಿ ಎಂದುಕೊಂಡಿದ್ದಳು. ಇದ್ದದ್ದು ಒಂದೇ, ಅದೂ ತನ್ನದು.

ಗಣಿತದವನು ಆ ತಿಂಗಳ ಕೊನೆಗೆ ಊರಿಗೆ ಹೊರಟು ನಿಂತ. ಅವಳು ಧೈರ್ಯ ಮಾಡಿ ಮಾರ್ಕೆಟ್ಟಿನ ಹಿಂದಿನ ಬೀದಿಗೆ ಹೋದಳು. ಹೆಂಡತಿ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚುತ್ತಿದ್ದಳು. ಈ ಸಲ ತಾನು ಯಾರೆಂದು ಹೇಳಿದಳು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೋರ್ಡಿನ ವಿಷಯ ಹೇಳಿದ್ರು," ಎಂದಳು. "ನಾಲ್ಕು ನಿಮಿಷ ಚೆನ್ನಾಗಿ ಮಾತಾಡ್ದೆ ಅಂತ ನಾಲ್ಕೈದು ಸಲ ಹೇಳಿದ್ರು. ಈಗ ಅದನ್ನೂ ಹೇಳಲ್ಲ. ಮನೆಯಲ್ಲಿ ಮಾತೇ ಆಡ್ತಿಲ್ಲ. ನಮ್ಮ ಭಾಷೆಯಲ್ಲೂ ಆಡ್ತಿಲ್ಲ. ಬೇಕಾದ್ದನ್ನ ಬರೆದು ಕೊಡ್ತಾರೆ."

"ಊರಿಗೆ ಹೋದಮೇಲೆ ಹಳೇ ಕಾಲೇಜಿಗೆ..."

"ಆ ಜಾಗಕ್ಕೆ ಬೇರೆಯವರು ಬಂದಿದಾರೆ ಅಮ್ಮ."

ಬೀಗ ರಿಪೇರಿಯವನು ಪಕ್ಕದಲ್ಲಿ ಅರ ಉಜ್ಜುತ್ತಿದ್ದ. ಅವಳು ನಿಂತಷ್ಟು ಹೊತ್ತು ನಿಂತು ಮನೆಗೆ ಬಂದಳು.

ಅವಳ ಮೇಲೆ ವಿಚಾರಣೆ ಎಂಬ ದೊಡ್ಡ ಮಾತೇನೂ ಆಗಲಿಲ್ಲ. ನಿರ್ದೇಶಕರು ಅವಳನ್ನು ಕೋಣೆಯಿಂದ ತೆಗೆದು ಬರವಣಿಗೆ ಪರೀಕ್ಷೆಯ ಬಾಗಿಲಿಗೆ ಹಾಕಿದರು. ಗುರುತಿನ ಚೀಟಿ ನೋಡುವುದು, ಕುರ್ಚಿಯ ನಂಬರು ಹೇಳುವುದು. ಹೊಸ ವರ್ಷದ ಪತ್ರ ಬಂತು. ತಾರೀಕಿನ ಜೊತೆಗೆ ಹುದ್ದೆಯ ಹೆಸರೂ ಬದಲಾಗಿತ್ತು.

ಅದು ಅವಳನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ. ಇಪ್ಪತ್ತೆರಡು ವರ್ಷ, ವರ್ಷಕ್ಕೆ ಇನ್ನೂರರ ಮೇಲೆ ಜನ. ಅವರಲ್ಲಿ ಎಷ್ಟು ಮಂದಿಯ ಮೌನ ಇಂಗ್ಲಿಷಿನದು, ಎಷ್ಟು ಮಂದಿಯದು ಗಂಟಲಿನದು? ಹಳೆಯ ಮುದ್ರಣಗಳನ್ನು ಮತ್ತೆ ಕೇಳುತ್ತೇನೆ, ನನ್ನ ಸಮಯದಲ್ಲೇ, ಯಾರಿಗೂ ತೊಂದರೆಯಿಲ್ಲ ಎಂದು ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟಳು. ಮೂರು ವರ್ಷದ ಮೇಲಿನದ್ದನ್ನೆಲ್ಲ ಅಳಿಸುವುದು ನಿಯಮ, ಅಳಿಸಲಾಗಿದೆ ಎಂದು ಉತ್ತರ ಬಂತು. ಉಳಿದ ಮೂರು ವರ್ಷದ್ದನ್ನು ಪರೀಕ್ಷಕರಿಗೆ ಮಾತ್ರ ಕೊಡುತ್ತಾರೆ. ಅವಳು ಈಗ ಪರೀಕ್ಷಕಳಲ್ಲ.

ನೆನಪಿನಿಂದಲೇ ಪಟ್ಟಿ ಮಾಡುತ್ತೇನೆಂದು ಒಂದು ಭಾನುವಾರ ನೋಟುಪುಸ್ತಕ ತೆರೆದು ಕೂತಳು. ಒಂದು ನೀಲಿ ಅಂಗಿ ನೆನಪಾಯಿತು. ಬೆರಳಿನಲ್ಲಿ ಮೇಜು ತಟ್ಟುತ್ತಿದ್ದ ಒಂದು ಹುಡುಗಿ. ಮಾತು ಶುರುಮಾಡುವ ಮುನ್ನ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದ ಒಬ್ಬ, ಅವನಿಗೆ ಏಳೋ ಎಂಟೋ ಕೊಟ್ಟದ್ದು. ಮುಖಗಳು ಬರಲಿಲ್ಲ. ಅಂಕಗಳು ಬಂದವು.

"ಏನೇ ಅದು?" ಎಂದಳು ಅಕ್ಕ.

"ಏನಿಲ್ಲ."

ಅಕ್ಕ ಪುಸ್ತಕ ಇಣುಕಿ ನೋಡಿ, ಚಹಾ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಅವಳು ಬಿಟ್ಟುಬಿಡಲಿಲ್ಲ ಎಂಬುದನ್ನೂ ಹೇಳಬೇಕು. ಎರಡು ವರ್ಷ ಒಂದರ ಮೇಲೊಂದು ಅರ್ಜಿ ಬರೆದಳು. ನೋಂದಣಿ ಫಾರಮ್ಮಿನಲ್ಲಿ ಒಂದು ಸಾಲು ಸೇರಿಸಿ ಎಂದು, ಇಷ್ಟೇ ಕೇಳಿದ್ದು. ಓದಿ ಓದಿ ಸಾಕಾಗಿಯೋ, ಅವಳ ಕಾಟ ತಾಳಲಾರದೆಯೋ, ಕೊನೆಗೆ ಸೇರಿಸಿದರು. ಫಾರಮ್ಮಿನ ಎರಡನೇ ಪುಟದ ಅಡಿಯಲ್ಲಿ: ಮಾತಿನ ತೊಂದರೆ ಏನಾದರೂ ಇದೆಯೇ? ಇದ್ದರೆ ಗುರುತು ಹಾಕಿ. ಪಕ್ಕದಲ್ಲಿ ಒಂದು ಖಾಲಿ ಚೌಕ.

ಬಾಗಿಲಲ್ಲಿ ನಿಂತು ಫಾರಂ ತೆಗೆದುಕೊಳ್ಳುವವಳು ಈಗ ಅವಳೇ. ಒಂದೊಂದನ್ನೂ ಎರಡನೇ ಪುಟ ತಿರುವಿ ನೋಡಿಯೇ ಕಟ್ಟಿನೊಳಗೆ ಇಡುತ್ತಾಳೆ. ಮೂರು ವರ್ಷವಾಯಿತು, ಆರುನೂರಕ್ಕೂ ಹೆಚ್ಚು ಫಾರಂ ಅವಳ ಕೈ ದಾಟಿವೆ. ಅವುಗಳನ್ನು ಕೊಟ್ಟವರಲ್ಲಿ ಕೆಲವರು ತಮ್ಮ ಹೆಸರು ಹೇಳಲೇ ಕಷ್ಟಪಟ್ಟು, ಕೊನೆಗೆ ಗುರುತಿನ ಚೀಟಿಯನ್ನು ಸುಮ್ಮನೆ ಮುಂದೆ ಹಿಡಿದರು. ಅವರೂ ಆ ಚೌಕಕ್ಕೆ ಗುರುತು ಹಾಕಿರಲಿಲ್ಲ.

ಅವಳು ಅವರಿಗೆ ಕುರ್ಚಿಯ ನಂಬರು ಹೇಳಿ ಒಳಗೆ ಕಳಿಸಿದಳು.